ಸೋಣನ ಪಾದಗಳು

"ನೋವು ತಡ್ಕೊಳ್ಳೋದೇ ಸಾಧನೆ ಅಲ್ವಾ ಸಾರ್?" ಎಂದು ಕೇಳುವವರು ಸಾಮಾನ್ಯವಾಗಿ ನನ್ನ ಮೇಜಿನ ಮೇಲೆ ಬೋರಲು ಮಲಗಿರುತ್ತಾರೆ. ಅವರ ಮುಖ ನನಗೆ ಕಾಣುವುದಿಲ್ಲ, ಮೀನಖಂಡ ಮಾತ್ರ ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲಿ ದೊಡ್ಡ ಓಟಗಳು ಹತ್ತಿರವಾದಂತೆ ಈ ಪ್ರಶ್ನೆಯೂ ಹೆಚ್ಚುತ್ತದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೇಳುವವರಲ್ಲಿ ಬಹಳ ಜನಕ್ಕೆ ಓಟ ಬರೀ ವ್ಯಾಯಾಮವಲ್ಲ. ಬೆಳಗಿನ ಜಾವ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಒಬ್ಬರೇ ಓಡುವಾಗ ಸಿಗುವ ನೆಮ್ಮದಿ ಪೂಜೆಗೆ ಕೂತಾಗ ಸಿಕ್ಕಿಲ್ಲ ಎಂದವರಿದ್ದಾರೆ. ಅಂಥವರಿಗೆ ಓಟವೇ ವ್ರತ, ನೋವೇ ತಪಸ್ಸು. ನನ್ನ ತಕರಾರು ಇರುವುದು ಆ ಎರಡನೆಯ ಮಾತಿನ ಬಗ್ಗೆ.

ನನ್ನ ಹೆಬ್ಬೆರಳಿಗೆ ಎರಡು ಬಗೆಯ ನೋವು ಗೊತ್ತು. ಹೊಸದಾಗಿ ದೂರ ಓಡಿದಾಗ ಇಲ್ಲವೆ ಇಳಿಜಾರಿನಲ್ಲಿ ಓಡಿದಾಗ ಎರಡು ತೊಡೆಯಲ್ಲೂ ಒಂದೇ ಸಮ ಹರಡಿಕೊಳ್ಳುವ ನೋವು ಮೊದಲನೆಯದು. ಮರುದಿನವೋ ಮೂರನೆಯ ದಿನವೋ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿ ತೆಗೆಯಿರಿ ಎನ್ನುತ್ತಾರೆ. ಆ ಆಮ್ಲ ಓಟ ನಿಂತ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ, ಅದಕ್ಕೆ ನನ್ನ ಕೈ ಬೇಕಿಲ್ಲ. ಈ ನೋವನ್ನು ತಡೆದುಕೊಳ್ಳಬಹುದು. ಎರಡನೆಯದು ಮೊಣಕಾಲಿನ ಕೆಳಗಿನ ಮೂಳೆಯ ಒಳಬದಿಯಲ್ಲಿ ಒಂದೇ ಬೆರಳಿಟ್ಟು ತೋರಿಸಬಹುದಾದ ನೋವು. ಓಡುತ್ತ ಓಡುತ್ತ ಹೆಚ್ಚುತ್ತದೆ. ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುರುಕ್ಕೆನ್ನುತ್ತದೆ, ಕೆಲವರಿಗೆ ಮಲಗಿದಾಗಲೂ ಬಿಡುವುದಿಲ್ಲ. ಅಲ್ಲಿ ಮೂಳೆ ಸಣ್ಣಗೆ ಬಿರುಕು ಬಿಟ್ಟಿರಬಹುದು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಅಂಥ ಕಾಲಿಗೆ ನಾನು ಎಣ್ಣೆ ಹಚ್ಚುವುದಿಲ್ಲ, ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಹೀಗೆ ಕಳಿಸಿದ ಒಬ್ಬ ಹುಡುಗ ವೇದಾಂತದ ತರಗತಿಗೆ ಹೋಗುತ್ತಿದ್ದ. "ನಾನು ದೇಹ ಅಲ್ಲ ಅಂತ ತಿಳಿದ ಮೇಲೆ ದೇಹದ ನೋವಿಗೆ ಯಾಕೆ ಬೆಲೆ ಕೊಡಬೇಕು?" ಎಂದ. ಮಾತು ಗಟ್ಟಿಯಾಗಿತ್ತು, ಕಾಲು ಮೇಜಿನ ಮೇಲೆ ನಡುಗುತ್ತಿತ್ತು. ನಾನು ಕೇಳಿದ್ದು ಇಷ್ಟೆ: "ನೀವು ದೇಹ ಅಲ್ಲ ಅಂದ್ರೆ, ಪದಕ ಬೇಕಾಗಿರೋದು ಯಾರಿಗೆ?"

ಭಗವದ್ಗೀತೆಯ 17ನೆಯ ಅಧ್ಯಾಯವನ್ನು ನಾನು ಈ ಕಸುಬಿನ ಕಣ್ಣಿನಿಂದಲೇ ಓದುವುದು. ದಂಭ ಅಹಂಕಾರಗಳಿಂದ ಘೋರ ತಪಸ್ಸಿಗೆ ಇಳಿದು, ಮೈಯನ್ನೂ ಮೈಯೊಳಗಿರುವ ತನ್ನನ್ನೂ ಕೃಶಗೊಳಿಸುವವರದು ಆಸುರೀ ನಿಶ್ಚಯ ಎಂದು ಕೃಷ್ಣ ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ಶರೀರದ ತಪಸ್ಸು ಯಾವುದು ಎಂದು ಹೇಳುವಾಗ ಪೂಜೆ, ಶೌಚ, ಋಜುತನ, ಬ್ರಹ್ಮಚರ್ಯಗಳ ಜೊತೆ ಅಹಿಂಸೆಯನ್ನು ಸೇರಿಸುತ್ತಾನೆ. ಅಹಿಂಸೆ ಎಂದರೆ ಪರರನ್ನು ನೋಯಿಸದಿರುವುದು ಎಂದೇ ನಾವು ಕಲಿತದ್ದು. ನನ್ನದೇ ಮಂಡಿಗೆ ಅದು ಅನ್ವಯಿಸುವುದಿಲ್ಲ ಎಂದು ಯಾವ ಶ್ಲೋಕದಲ್ಲೂ ನಾನು ಕಂಡಿಲ್ಲ.

ಇದಕ್ಕಿಂತ ನೇರವಾದ ಕಥೆ ಬೌದ್ಧರಲ್ಲಿದೆ. ಸೋಣ ಚಂಪಾನಗರದ ಸಿರಿವಂತರ ಮಗ. ಎಷ್ಟು ಸುಕುಮಾರ ಎಂದರೆ ಅವನ ಅಂಗಾಲಿನಲ್ಲಿ ಕೂದಲು ಬೆಳೆದಿತ್ತಂತೆ. ಭಿಕ್ಷುವಾದ ಮೇಲೆ ಛಲ ಹಿಡಿದು ಹಗಲಿರುಳು ನಡೆಯುತ್ತ ಧ್ಯಾನ ಮಾಡಿದ. ಪಾದ ಒಡೆದು, ಅವನು ನಡೆಯುವ ದಾರಿ ರಕ್ತವಾಯಿತು. ಇಷ್ಟು ಮಾಡಿದರೂ ಬಿಡುಗಡೆ ಸಿಗಲಿಲ್ಲ, ಮನೆಗೆ ಮರಳಲೇ ಎಂದು ಯೋಚಿಸಿದ. ಆಗ ಬುದ್ಧ ಅವನ ಹಳೆಯ ವೀಣೆಯ ಮಾತೆತ್ತಿದ. ತಂತಿ ಅತಿಯಾಗಿ ಬಿಗಿದಾಗ ನುಡಿಯುತ್ತಿತ್ತೇ, ಸಡಿಲವಾದಾಗ ನುಡಿಯುತ್ತಿತ್ತೇ ಎಂದು ಕೇಳಿದ. ಈ ಮಾತು ಎಲ್ಲರಿಗೂ ಗೊತ್ತು. ಅದರ ಮುಂದಿನದು ನನಗೆ ಹೆಚ್ಚು ಪ್ರಿಯ. ಬುದ್ಧ ಸೋಣನಿಗೆ ಒಂದೇ ಪದರದ ಪಾದರಕ್ಷೆ ತೊಡಲು ಅನುಮತಿ ಕೊಟ್ಟ. ಸಂಘಕ್ಕೆಲ್ಲ ಕೊಡುವುದಾದರೆ ತೊಡುತ್ತೇನೆ, ನನಗೊಬ್ಬನಿಗೇ ಬೇಡ ಎಂದ ಸೋಣ. ಬುದ್ಧ ಎಲ್ಲ ಭಿಕ್ಷುಗಳಿಗೂ ಕೊಟ್ಟ. ಒಬ್ಬನ ಗಾಯದಿಂದ ಒಂದು ನಿಯಮವೇ ಬದಲಾಯಿತು. ಇನ್ನಷ್ಟು ತಡೆದುಕೋ, ಅದರಿಂದ ಪಕ್ವವಾಗುತ್ತೀಯ ಎಂದು ಬುದ್ಧ ಹೇಳಬಹುದಿತ್ತು. ಹೇಳಲಿಲ್ಲ.

ನನ್ನ ವಾದಕ್ಕೆ ಎದುರಾಗಿ ಗೊಮ್ಮಟ ನಿಂತಿದ್ದಾನೆ. ಶ್ರವಣಬೆಳಗೊಳದಲ್ಲಿ ಆ 58 ಅಡಿಯ ಮೂರ್ತಿಯ ಬುಡದಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ತೊಡೆಗೆ ಸುತ್ತಿದ ಬಳ್ಳಿಯ ಕಡೆಗೆ, ಪಾದದ ಬಳಿಯ ಹುತ್ತದ ಕಡೆಗೆ. ವರ್ಷವಿಡೀ ಅಲುಗದೆ ನಿಂತವನು. ನೋವನ್ನು ಮೀರಿದ ಈ ನಿಲುವು ಸುಳ್ಳೇ? ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಷ್ಟು ನಿಂತರೂ ಬಾಹುಬಲಿಗೆ ಕೇವಲಜ್ಞಾನ ತಡವಾಯಿತು. ಅಣ್ಣ ಭರತನ ವಿಷಯದಲ್ಲಿ ಮನಸ್ಸಿನೊಳಗೆ ಒಂದು ಮುಳ್ಳು ಉಳಿದಿತ್ತು, ಭರತ ಬಂದು ನಮಿಸಿದ ಮೇಲೆ ಅದು ಕಳಚಿತು ಎಂದು ಕಥೆ ಹೇಳುತ್ತದೆ. ಒಂದು ವರ್ಷದ ದೇಹದಂಡನೆಗೆ ಕರಗದ ಮುಳ್ಳು ಅದು. ನನ್ನಲ್ಲಿ ಬರುವ ಓಟಗಾರರ ಮುಳ್ಳು ಅವರ ಕೈಗಡಿಯಾರದಲ್ಲಿರುತ್ತದೆ: ಹೋದ ವರ್ಷ ಎಷ್ಟು ನಿಮಿಷ, ಗೆಳೆಯ ಎಷ್ಟು ನಿಮಿಷ. ಮೂಳೆ ಬಿರುಕು ಬಿಟ್ಟರೂ ಆ ಲೆಕ್ಕ ಅಲುಗುವುದಿಲ್ಲ.

ಓಡುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ. ಬೇಗ ಮುಟ್ಟಬೇಕೆಂಬ ಆಸೆಯಲ್ಲಿ ಕಾಲನ್ನು ದೂರ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುವವರು ಬಹಳ ಮಂದಿ. ಚಾಚಿದ ಕಾಲು ಪ್ರತಿ ಹೆಜ್ಜೆಗೂ ಸಣ್ಣ ಬ್ರೇಕಾಗುತ್ತದೆ. ಮೈತೂಕದ ಎರಡು ಮೂರು ಪಟ್ಟು ಹೊರೆ ಮೊದಲೇ ಬೀಳುವ ಕಾಲಿನಲ್ಲಿ ಮಂಡಿಗೆ, ಮೂಳೆಗೆ ಪೆಟ್ಟು ಹೆಚ್ಚುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಪಾದ ಸೊಂಟದ ನೇರಕ್ಕೆ ಕೆಳಗೇ ಊರಲಿ, ನಿಮಿಷದ ಹೆಜ್ಜೆಗಳು ಈಗಿರುವುದಕ್ಕಿಂತ ನೂರಕ್ಕೆ ಐದರಿಂದ ಹತ್ತರಷ್ಟು ಏರಲಿ ಎನ್ನುತ್ತೇನೆ. ಮಂಡಿಯ ಹೊರೆ ಇಳಿಯಲು ಅಷ್ಟು ಸಾಕು. ನಿಮಿಷಕ್ಕೆ 180 ಹೆಜ್ಜೆ ಎಂಬುದನ್ನು ಕೆಲವರು ಮಂತ್ರದಂತೆ ಜಪಿಸುತ್ತಾರೆ. ಅದು ಜಾಕ್ ಡೇನಿಯಲ್ಸ್ ಎಂಬ ತರಬೇತುದಾರ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯ ವೇಗದಲ್ಲಿದ್ದ ಓಟಗಾರರನ್ನು ಎಣಿಸಿ ಕಂಡದ್ದು. ಜಯನಗರದ ಐವತ್ತರ ಗೃಹಿಣಿಗೆ ಅದೇ ಅಂಕಿ ಏಕೆ? ಅವರ ಉಸಿರು ಕೇಳಿ, ಅವರ ಹೆಜ್ಜೆ ಕೇಳಿ. ಸದ್ದು ಕಡಿಮೆಯಾದರೆ ಸಾಮಾನ್ಯವಾಗಿ ಕಾಲಿಗೂ ಹಿತ.

ಮೈಸೂರಿನ ಗರಡಿಯಲ್ಲಿ ಕೈ ಪಳಗಿಸಿಕೊಂಡವನಿಗೆ ಇದು ಹೊಸ ಮಾತಲ್ಲ. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರ ಮೈ ಒಬ್ಬರು ತಿಕ್ಕುತ್ತಿದ್ದರು, ಅದೂ ಸಾಮಿನ ಭಾಗವೇ. ವಾಗ್ಭಟನ ಅಷ್ಟಾಂಗಹೃದಯ ಹೇಳುವುದೂ ಹಾಗೆಯೇ: ಬಲವಂತರು, ಜಿಡ್ಡು ಉಣ್ಣುವವರು ಕೂಡ ಚಳಿಗಾಲ ವಸಂತಗಳಲ್ಲಿ ಅರ್ಧ ಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ, ಆಮೇಲೆ ಮೈಯನ್ನೆಲ್ಲ ಹಿತವಾಗಿ ಮರ್ದಿಸಬೇಕು. ಇಂದು ಬಲ್ಲ ತರಬೇತುದಾರರೂ ವಾರದ ಹೆಚ್ಚು ಓಟ ಮಾತಾಡುತ್ತ ಓಡುವಷ್ಟು ನಿಧಾನವಿರಲಿ ಎನ್ನುತ್ತಾರೆ.

ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರ ಕಾಲು ನೋಡಲು ಚಾರ್ಮಾಡಿ ದಾರಿಯಲ್ಲಿ ಕೂರುತ್ತೇನೆ. ಬೊಬ್ಬೆ ಬಂದ ಅಂಗಾಲು, ಹಿಡಿದುಕೊಂಡ ತೊಡೆ. ಇವರ ನೋವಿನ ಮುಂದೆ ನಾನು ವಾದ ಹೂಡುವುದಿಲ್ಲ, ಏಕೆಂದರೆ ಅದು ಅವರ ಹೆಸರಿಗೆ ಜಮೆಯಾಗುವುದಿಲ್ಲ, ಮಂಜುನಾಥನಿಗೆ ಹೋಗುತ್ತದೆ. ಆದರೂ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಒತ್ತದೆ ಆಸ್ಪತ್ರೆಯ ಗಾಡಿ ಹತ್ತಿಸುತ್ತೇನೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವಕ್ಕೇ ಅಪಾಯ. ಹಾಗೆ ಹತ್ತಿಸಿದ ಒಬ್ಬ ತಾಯಿ ಅಳಲಿಲ್ಲ. "ತಪ್ಪು ಕಾಣಿಕೆ ಕಟ್ಟಿಡ್ತೀನಿ ಬಿಡಪ್ಪ, ಸ್ವಾಮಿಗೆ ಗೊತ್ತಾಗಲ್ವಾ" ಎಂದರು. ಹರಕೆ ತಪ್ಪಿದವರಿಗೆಂದು ನಮ್ಮ ಹಿರಿಯರು ಅರಿಶಿನದ ಬಟ್ಟೆಯ ಒಂದು ಗಂಟನ್ನು ಇಟ್ಟು ಹೋಗಿದ್ದಾರೆ. ಓಟದ ದಿನ ಮನೆಯಲ್ಲಿ ಕೂರಬೇಕಾದವರಿಗೆ ಅಂಥದ್ದು ಯಾವುದೂ ಇಲ್ಲ, ಅದಕ್ಕೇ ಅವರು ಮುರಿದ ಕಾಲಲ್ಲೂ ಹೊರಡುತ್ತಾರೆ.

ವೇದಾಂತದ ಹುಡುಗ ಆ ವರ್ಷ ಓಡಲಿಲ್ಲ. ಮೂಳೆ ಕೂಡಿ, ಡಾಕ್ಟರು ಒಪ್ಪಿದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರುಮಾಡಿದ. ನಿಧಾನದ ದಿನಗಳಲ್ಲಿ ಗಡಿಯಾರ ಮನೆಯಲ್ಲೇ ಬಿಟ್ಟು ಬರುತ್ತಾನೆ. ಉಳಿದ ದಿನಗಳ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ನಡೆದಿದೆ.