ಬೀಗ ಹಾಕಿದ ಮನೆ ಯಾರದು?

ವರ್ಷದ ಹೆಚ್ಚಿನ ದಿನಗಳಲ್ಲಿ ಬೀಗ ಹಾಕಿಯೇ ಇರುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿವೆಯೆಂದು ನಿಮಗೆ ಗೊತ್ತೇ ಇದೆ. ದಮ್ಮಾಮ್‌ನಲ್ಲೋ ದುಬೈಯಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬದುಕುವ ದಂಪತಿಗಳು ಊರಲ್ಲೊಂದು ಸೊಗಸಾದ ಮನೆ ಕಟ್ಟಿಸುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಸಿಕ್ಕಾಗ ಮಕ್ಕಳೊಂದಿಗೆ ಬಂದು ಮಳೆ ನೋಡುತ್ತಾರೆ, ಬಂಧುಗಳನ್ನು ಕಾಣುತ್ತಾರೆ, ಕೀಲಿಕೈಯನ್ನು ನೆರೆಮನೆಗೆ ಕೊಟ್ಟು ಮತ್ತೆ ವಿಮಾನ ಹತ್ತುತ್ತಾರೆ. ಇತ್ತೀಚೆಗೆ ಬೆಂಗಳೂರಿನ ಉಳ್ಳವರು ಕೊಡಗು, ಚಿಕ್ಕಮಗಳೂರುಗಳಲ್ಲಿ ಮಾಡಿಕೊಳ್ಳುವ ರಜೆಯ ಮನೆಗಳೂ ಇದೇ ಜಾತಿಯವು. ಹಲಾಲ್ ಸಂಪಾದನೆಯಿಂದ ಕಟ್ಟಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ದಂಪತಿಗಳ ನಡುವೆ ಒಡಕುಂಟಾಗಿ ತಲಾಕ್ ಅಥವಾ ಖುಲಾದ ಮಾತು ಬಂತೆನ್ನಿ. ಆಗ ಮಹರ್, ಇದ್ದತ್‌ನ ಖರ್ಚು, ಮಕ್ಕಳ ಪಾಲನೆ ಎಲ್ಲದಕ್ಕೂ ಹೇಗೋ ಒಂದು ದಾರಿ ಕಾಣುತ್ತದೆ. ಮಾತು ಬಂದು ನಿಲ್ಲುವುದು ಈ ಬೀಗ ಹಾಕಿದ ಬಾಗಿಲಿನ ಮುಂದೆ.

ಕಳೆದ ವರ್ಷ ಇಂತಹ ಒಂದು ಪಂಚಾತಿಕೆಯಲ್ಲಿ ಹೆಣ್ಣಿನ ಕಡೆಯ ಮಧ್ಯಸ್ಥನಾಗಿ ಕುಳಿತುಕೊಳ್ಳುವ ಪ್ರಸಂಗ ನನಗೆ ಬಂತು. ಗಂಡಿನ ಕಡೆಯಿಂದ ಒಬ್ಬ ಹಿರಿಯರಿದ್ದರು. (ಇಬ್ಬರ ಅನುಮತಿಯಿಂದಲೇ, ಗುರುತು ಸಿಗದಂತೆ ಬರೆಯುತ್ತಿದ್ದೇನೆ.) ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಸೂರಃ ಅನ್ನಿಸಾದ 35ನೇ ವಚನ ಆದೇಶಿಸುತ್ತದೆ. ಅದರ ಉದ್ದೇಶ ಒಡೆದುದನ್ನು ಕೂಡಿಸುವುದು. ಎರಡು ತಿಂಗಳು ಅದನ್ನೇ ಪ್ರಯತ್ನಿಸಿ ನಾವು ಸೋತೆವು. ಉಳಿದದ್ದು ಮನೆಯ ಪ್ರಶ್ನೆ.

2011ರಲ್ಲಿ ಕಟ್ಟಿದ ಮನೆ. ದಾಖಲೆ ಗಂಡನ ಹೆಸರಿನಲ್ಲಿತ್ತು. ತಾರಸಿ ಹಾಕುವಾಗ ಹಣ ಸಾಲದೆ ಹೆಂಡತಿಯ 22 ಪವನ್ ಚಿನ್ನ ಮಾರಲಾಗಿತ್ತು. ಅದಕ್ಕೆ ಕಾಗದವೂ ಇಲ್ಲ, ಸಾಕ್ಷಿಯೂ ಇಲ್ಲ. "ಮನೆ ನನ್ನದು" ಎಂದು ಅವನು, "ನನ್ನ ಕತ್ತು ಬರಿದಾದದ್ದು ಆ ಮನೆಗಾಗಿ" ಎಂದು ಅವಳು. ನಾನು ಅವಸರದಲ್ಲಿ, "ಅರ್ಧರ್ಧ ಮಾಡಿಬಿಡೋಣ" ಎಂದೆ. ಆ ಹಿರಿಯರು ನನ್ನತ್ತ ತಿರುಗಿ, "ಮಾಸ್ತರರೇ, ಯಾರದೆಂದು ತಿಳಿಯುವ ಮೊದಲೇ ಹಂಚಲು ಹೊರಟಿರಲ್ಲ?" ಎಂದರು. ನನಗೆ ನಾಚಿಕೆಯಾಯಿತು. ಮದ್ರಸದಲ್ಲಿ ಓದಿದವನು ನಾನು. ನಿಕಾಹ್ ಇಬ್ಬರ ಸೊತ್ತನ್ನು ಒಂದು ಮಾಡುವುದಿಲ್ಲ, ತಲಾಕ್ ಅದನ್ನು ಎರಡು ಮಾಡುವುದೂ ಇಲ್ಲ ಎಂಬುದನ್ನು ಮರೆತಿದ್ದೆ. ಶರೀಅತ್‌ನಲ್ಲಿ ಹೆಂಡತಿಯ ಸೊತ್ತು ಹೆಂಡತಿಯದು, ಗಂಡನ ಸೊತ್ತು ಗಂಡನದು. ಅರ್ಧರ್ಧ ಎಂಬ ಮಾತು ಕೇಳಲು ನ್ಯಾಯದಂತಿದ್ದರೂ ಒಬ್ಬರ ಹಕ್ಕನ್ನು ಇನ್ನೊಬ್ಬರಿಗೆ ದಾಟಿಸಬಹುದು.

ಹಾಗಾದರೆ ಆ ಚಿನ್ನ ಏನು? ಕೊಡುಗೆಯೇ, ಸಾಲವೇ? ಅವಳನ್ನು ಕೇಳಿದೆವು. "ಆಗ ಅದನ್ನೆಲ್ಲ ಯೋಚಿಸಲಿಲ್ಲ. ಕೇಳಿದರು, ಬಿಚ್ಚಿ ಕೊಟ್ಟೆ" ಎಂದಳು. ಎಷ್ಟು ಪ್ರಾಮಾಣಿಕ ಉತ್ತರ! ಸಾಲವೆಂದು ಹೇಳಿದ್ದರೆ ಅವಳಿಗೇ ಲಾಭವಿತ್ತು.

ಆಗ ಹಿರಿಯರು ಅವನಿಗೆ ಒಂದು ಹದೀಸನ್ನು ವಿವರಿಸಿದರು. ಉಮ್ಮು ಸಲಮಾ(ರ) ವರದಿ ಮಾಡಿದ್ದು, ಅಬೂದಾವೂದ್‌ನಲ್ಲಿದೆ. ಇಬ್ಬರು ಹಳೆಯ ವಾರಸು ಸೊತ್ತಿನ ತಕರಾರನ್ನು ಪ್ರವಾದಿ(ಸ)ರ ಬಳಿಗೆ ತಂದರು. ಇಬ್ಬರಲ್ಲೂ ಪುರಾವೆಯಿರಲಿಲ್ಲ. ನಾನೂ ಮನುಷ್ಯನೇ, ನಿಮ್ಮಲ್ಲೊಬ್ಬನ ವಾಕ್ಚಾತುರ್ಯವನ್ನು ನಂಬಿ ಇನ್ನೊಬ್ಬನ ಹಕ್ಕನ್ನು ಅವನಿಗೆ ಕೊಟ್ಟರೆ ನಾನು ಕೊಟ್ಟದ್ದು ಬೆಂಕಿಯ ತುಂಡು ಎಂಬರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದರು. ಇಬ್ಬರೂ ಅತ್ತರು. ನನ್ನ ಹಕ್ಕು ನಿನಗೇ ಇರಲಿ ಎಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಆಗ ಪ್ರವಾದಿ(ಸ) ಸತ್ಯವನ್ನು ಹುಡುಕಿ ಪಾಲು ಮಾಡಿಕೊಳ್ಳಿರಿ, ಚೀಟಿ ಎತ್ತಿರಿ, ಬಳಿಕ ಪರಸ್ಪರ ಮನ್ನಿಸಿಕೊಳ್ಳಿರಿ ಎಂದು ದಾರಿ ತೋರಿದರು. ಬಿಟ್ಟುಕೊಡಲು ಸಿದ್ಧರಾದ ಮೇಲೂ ಪಾಲು ಮಾಡಲು ಹೇಳಿದ್ದನ್ನು ಗಮನಿಸಿರಿ. ಕಣ್ಣೀರಿನ ಭರದಲ್ಲಿ ಬಿಟ್ಟುಕೊಟ್ಟದ್ದು ನಾಳೆ ಮನಸ್ಸಿನಲ್ಲಿ ಕುದಿಯಬಾರದಲ್ಲವೇ?

ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ, "ತಿರುಗಿ ಮಾಡಿಸಿಕೊಡುತ್ತೇನೆಂದು ಹೇಳಿಯೇ ತೆಗೆದುಕೊಂಡಿದ್ದೆ" ಎಂದ. ಅವಳಿಗೂ ನೆನಪಿಲ್ಲದ ಮಾತು! ಹೇಳದಿದ್ದರೆ ಯಾವ ನ್ಯಾಯಾಲಯವೂ ಅದನ್ನು ಹೊರಗೆಳೆಯುತ್ತಿರಲಿಲ್ಲ.

ಕೂಡಲೇ ಅವನ ಅಣ್ಣ, "ಸರಿ, ಆಗಿನ ಬೆಲೆ ಕೊಡೋಣ" ಎಂದರು. ಚಿನ್ನದ ಸಾಲವನ್ನು ಚಿನ್ನದ ತೂಕದಲ್ಲೇ ತೀರಿಸಬೇಕೆಂಬುದು ಫಿಕ್ಹ್‌ನ ನಿಯಮ. 22 ಪವನ್ ಎಂದರೆ 176 ಗ್ರಾಂ. ಅಷ್ಟು ಚಿನ್ನ, ಇಲ್ಲವೇ ಒಪ್ಪಿಗೆಯಾದರೆ ಕೊಡುವ ದಿನದ ಅದರ ಬೆಲೆ. ಇವೆರಡರ ನಡುವಿನ ವ್ಯತ್ಯಾಸ ಎಷ್ಟೆಂದು ನೀವೇ ಲೆಕ್ಕ ಹಾಕಿ. ಅಣ್ಣ ಸಿಟ್ಟಿನಿಂದ ಎದ್ದು ಹೋದರು. ಅವನು ಒಪ್ಪಿದ.

ಸಹೋದರರೇ, ನಿಮ್ಮಲ್ಲಿ ಕೆಲವರು ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಸಿ, ಜಗಳ ಬಂದಾಗ "ಹೆಸರಿಗಷ್ಟೇ ಹಾಕಿದ್ದೆ" ಎನ್ನುತ್ತೀರಿ. ಆ ದಿನ ಅವಳಿಗೆ ಏನು ಹೇಳಿದ್ದಿರಿ? ಹಿಬಾ ಎಂದು ಕೊಟ್ಟು, ಅವಳ ಸ್ವಾಧೀನಕ್ಕೂ ಬಿಟ್ಟಿದ್ದರೆ ಅದು ಮುಗಿದ ಮಾತು. ಕರಾವಳಿಯ ಶಾಫಿಗಳಿರಲಿ, ಘಟ್ಟದ ಮೇಲಿನ ಹನಫಿಗಳಿರಲಿ, ಹೆಂಡತಿಗೆ ಕೊಟ್ಟದ್ದನ್ನು ಗಂಡ ಹಿಂದಕ್ಕೆ ಪಡೆಯಲು ಎರಡೂ ಮದ್ಹಬ್‌ಗಳಲ್ಲಿ ಅವಕಾಶವಿಲ್ಲ. ರಾಶಿ ಸಂಪತ್ತನ್ನೇ ಕೊಟ್ಟಿದ್ದರೂ ಹಿಂದೆ ಪಡೆಯಬೇಡಿರೆಂದು ಸೂರಃ ಅನ್ನಿಸಾದ 20ನೇ ವಚನ ತಡೆಯುತ್ತದೆ. ನಮ್ಮ ದೇಶದ 1986ರ ಮುಸ್ಲಿಮ್ ಮಹಿಳೆಯರ ಕಾನೂನು ಕೂಡ ಮದುವೆಗೆ ಮುಂಚೆ, ಮದುವೆಯಲ್ಲಿ ಮತ್ತು ಆ ಬಳಿಕ ತವರಿನವರೋ ಗಂಡನೋ ಅವಳಿಗೆ ಕೊಟ್ಟ ಸೊತ್ತೆಲ್ಲ ತಲಾಕ್ ಆದವಳ ಹಕ್ಕೆನ್ನುತ್ತದೆ.

ಇನ್ನು ಕೆಲವರಿದ್ದಾರೆ. ಹೆಂಡತಿ ಖುಲಾ ಕೇಳಿದೊಡನೆ, "ಮನೆ ಬರೆದುಕೊಡು, ಬಿಡುಗಡೆ ಮಾಡುತ್ತೇನೆ" ಎನ್ನುತ್ತಾರೆ. ಸಾಬಿತ್ ಬಿನ್ ಕೈಸ್(ರ)ರ ಪತ್ನಿಯ ಪ್ರಸಂಗವನ್ನು ಇವರು ಓದಿಲ್ಲವೇ? ಅವರು ಗಂಡನ ನಡತೆಯನ್ನಾಗಲೀ ಧರ್ಮವನ್ನಾಗಲೀ ದೂರಲಿಲ್ಲ, ಬಾಳಲಾರೆ ಎಂದರು. ಮಹರ್ ಆಗಿ ಸಿಕ್ಕಿದ ತೋಟವನ್ನು ಮರಳಿಸುವೆಯಾ ಎಂದು ಪ್ರವಾದಿ(ಸ) ಕೇಳಿದರು, ಒಪ್ಪಿದರು, ಅಲ್ಲಿಗೆ ಮುಗಿಯಿತು. ಹೆಚ್ಚು ಕೊಡಲು ಆಕೆ ಸಿದ್ಧರಿದ್ದರೂ ತೋಟದಷ್ಟೇ ಸಾಕೆಂದು ಪ್ರವಾದಿ(ಸ) ತಡೆದರೆಂದು ಕೆಲವು ವರದಿಗಳಲ್ಲಿದೆ. ಹೆಣ್ಣಿನ ತಂದೆ ಕಟ್ಟಿಸಿಕೊಟ್ಟ ಮನೆಯ ಮೇಲೆ ಕಣ್ಣಿಟ್ಟು ವರ್ಷಗಟ್ಟಲೆ ಅವಳನ್ನು ತೂಗುಹಾಕುವವರು ನಾಳೆ ಅಲ್ಲಾಹನಿಗೆ ಏನು ಉತ್ತರ ಕೊಡುತ್ತಾರೆ?

ನಮ್ಮ ಪಂಚಾತಿಕೆಗೆ ಮರಳೋಣ. ಚಿನ್ನದ ಸಾಲ ಕಳೆದರೆ ಮನೆ ಅವನದೇ ಎಂದು ಸ್ಪಷ್ಟವಾಯಿತು. ಮಾರಿ ಸಾಲ ತೀರಿಸಬಹುದಿತ್ತು. ಇಬ್ಬರ ಹೆಸರಿನಲ್ಲಿ ಇಡೋಣವೆಂದು ಯಾರೋ ಹೇಳಿದರು. ಸೋರುವ ಮಾಡು ಯಾರು ರಿಪೇರಿ ಮಾಡಿಸಬೇಕು, ನಾಳೆ ಇಬ್ಬರಿಗೂ ಬೇರೆ ಮದುವೆಯಾದರೆ ರಜೆಯಲ್ಲಿ ಯಾರು ಬರಬೇಕು? ಹಿರಿಯರು ಒಪ್ಪಲಿಲ್ಲ. ಮಕ್ಕಳ ಹೆಸರಿಗೆ ಎಂಬ ಮಾತೂ ಬಂತು. ಮಗನಿಗೆ ಮಾತ್ರ ಎಂದ ಕೂಡಲೇ ನಾನು ಬಾಯಿ ಹಾಕಿದೆ. ಮಕ್ಕಳಿಗೆ ಕೊಡುಗೆ ಕೊಡುವಾಗ ಸಮಾನತೆ ಪಾಲಿಸಬೇಕೆಂಬ ನುಅ್‌ಮಾನ್ ಬಿನ್ ಬಶೀರ್(ರ)ರ ಹದೀಸ್ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ.

ಕೊನೆಗೆ ಮನೆ ಅವನಿಗೇ ಉಳಿಯಿತು. ಚಿನ್ನವನ್ನು ಒಂದು ವರ್ಷದೊಳಗೆ ಎರಡು ಕಂತಿನಲ್ಲಿ ಕೊಡುವುದೆಂದಾಯಿತು. ನಾವು ಕೇಳದಿದ್ದರೂ ಅವನೇ ಇನ್ನೊಂದು ಮಾತು ಸೇರಿಸಿದ. ಕಿರಿಯ ಮಗಳಿಗೆ 18 ವರ್ಷ ತುಂಬುವವರೆಗೆ ಪ್ರತಿ ರಜೆಯ ಮೊದಲ ಇಪ್ಪತ್ತು ದಿನ ಆ ಮನೆ ಮಕ್ಕಳಿಗೂ ಅವರ ತಾಯಿಗೂ. ಆ ದಿನಗಳಲ್ಲಿ ತಾನು ಅಣ್ಣನ ಮನೆಯಲ್ಲಿ ಇರುವೆನೆಂದ. ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಸೂರಃ ಅಲ್‌ಬಕರದ 237ನೇ ವಚನ ಹೇಳುವುದು ತಲಾಕ್‌ನ ಸಂದರ್ಭದಲ್ಲೇ. ನಾನದನ್ನು ಎಷ್ಟೋ ಸಲ ಪಾಠ ಮಾಡಿದ್ದೆ, ನೋಡಿದ್ದು ಅಂದೇ.

ಎಲ್ಲವನ್ನೂ ಬರೆದೆವು. ಸಾಲವನ್ನು ಬರೆದಿಡಿರೆಂಬ ಕುರ್‌ಆನ್ ಆದೇಶ (2:282) ಗಂಡಹೆಂಡಿರಿಗೆ ಅನ್ವಯಿಸುವುದಿಲ್ಲವೆಂದು ಯಾರು ಹೇಳಿದರೋ ಗೊತ್ತಿಲ್ಲ. ನಿಮ್ಮ ಮನೆಯ ಲೆಕ್ಕವನ್ನು ಪ್ರೀತಿಯಿರುವಾಗಲೇ ಬರೆದಿಡಿ. ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೂ ಅಲ್ಲಿಯೂ ಮೊದಲು ಸಂಧಾನವೇ. ಬೆಂಗಳೂರಿನಲ್ಲಿ 2007ರಿಂದ ಅದಕ್ಕೆಂದೇ ಮಧ್ಯಸ್ಥಿಕೆ ಕೇಂದ್ರವಿದೆ. ಅಲ್ಲಿನ ಮಧ್ಯಸ್ಥರೂ ತೀರ್ಪು ಕೊಡುವುದಿಲ್ಲ, ಒಪ್ಪಿಗೆ ಮಾಡಿಸುತ್ತಾರೆ. ಮನೆ ಕೈ ಬದಲಾಗುವುದಾದರೆ ನೋಂದಣಿಯನ್ನು ಮರೆಯಬೇಡಿ.

ನೆರೆಮನೆಯಲ್ಲಿದ್ದ ಕೀಲಿಕೈಯನ್ನು ತರಿಸಿ, ಅದರಂತೆ ಇನ್ನೊಂದು ಮಾಡಿಸಲು ಅವನು ಅಲ್ಲೇ ಹಣ ಕೊಟ್ಟ. ಅಷ್ಟರಲ್ಲಿ ಅಸರ್‌ನ ಬಾಂಗ್ ಆಯಿತು. ನಾವು ಎದ್ದು ಮಸೀದಿಗೆ ನಡೆದೆವು.