ಹಳೆಯ ಲೆಕ್ಕ, ಹೊಸ ಸಂಕಲ್ಪ



ದೀಪಾವಳಿಯಂದು ಭಗವಾನ್ ಮಹಾವೀರಸ್ವಾಮಿಯ ನಿರ್ವಾಣಪೂಜೆ ಮುಗಿದ ಮೇಲೆ ವ್ಯಾಪಾರಸ್ಥರು ಹೊಸ ಲೆಕ್ಕದ ಪುಸ್ತಕವನ್ನು ತೆರೆಯುತ್ತಾರೆ. ಹಳೆಯ ಬಾಕಿಯನ್ನು ನೋಡದೆ ಹೊಸ ಪುಟ ಬರೆಯುವ ವ್ಯಾಪಾರಿ ಬಹುಕಾಲ ಅಂಗಡಿ ನಡೆಸಲಾರನು. ಆತ್ಮದ ವ್ಯವಹಾರವೂ ಹಾಗೆಯೇ. ಕಳೆದುಹೋದ ದೋಷಗಳಿಗೆ ಪ್ರತಿಕ್ರಮಣ, ಇಂದಿನವುಗಳಿಗೆ ಆಲೋಚನೆ, ಮುಂದೆ ಮಾಡೆನೆಂಬುದಕ್ಕೆ ಪ್ರತ್ಯಾಖ್ಯಾನ ಎಂದು ಆಚಾರ್ಯರು ವಿಧಿಸಿದ್ದಾರೆ.

ಸಮಾಜಕ್ಕೂ ಇಂತಹ ಪ್ರತಿಕ್ರಮಣ ಅವಶ್ಯ. 2004ರವರೆಗೆ ಕೃಷ್ಣಗಿರಿ, ಹೊಸೂರುಗಳು ಧರ್ಮಪುರಿ ಜಿಲ್ಲೆಗೆ ಸೇರಿದ್ದವು. ಆ ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಶಕವರ್ಷ 815ರಲ್ಲಿ, ಅಂದರೆ ಕ್ರಿ.ಶ. 893ರಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಸಹೋದರರು ಅಲ್ಲಿ ಬಸದಿಯನ್ನು ಕಟ್ಟಿಸಿದರು. ಅವರು ಅರಸುಮಕ್ಕಳಲ್ಲ, ಸೆಟ್ಟಿಯ ಮಕ್ಕಳು. ರಾಜನಿಂದ ಪಡೆದ ಗ್ರಾಮವನ್ನು ನಿಧಿಯಣ್ಣನು ತನಗಾಗಿ ಇರಿಸಿಕೊಳ್ಳದೆ ಬಸದಿಯ ಪೂಜೆಗೂ ಜೀರ್ಣೋದ್ಧಾರಕ್ಕೂ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಇಂದಿನ ತಮಿಳುನಾಡಿನಲ್ಲಿರುವ ಈ ಶಾಸನದ ಭಾಷೆ ಕನ್ನಡ!

ಕಟ್ಟುವ ದಿನವೇ ದುರಸ್ತಿಯ ಚಿಂತೆ ಮಾಡಿದ್ದು ಆ ವರ್ತಕರ ದೂರದೃಷ್ಟಿ. ಆದರೂ ಅಕ್ಷರ ಉಳಿಯಿತು, ಅಂದಿನ ಪೂಜೆ ಉಳಿಯಲಿಲ್ಲ. ಗ್ರಾಮದ ಆದಾಯ ಗೋಡೆಯನ್ನು ಕಾಯಬಲ್ಲದು. ಬಾಗಿಲಿಗೆ ಬರುವ ಶ್ರಾವಕರನ್ನು ಬೆಳೆಸಲಾರದು.

ಮೂಡುಬಿದಿರೆಯ ಕಥೆ ಬೇರೆ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಅಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಆದರೆ ಯಾತ್ರಿಕರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ, ಅಧ್ಯಯನವಲ್ಲ. ಕಾಪಾಡಿದವರಿಗೆ ಕೋಟಿ ನಮನ. ಆದರೂ ಓದದ ಆಗಮ ಮುಚ್ಚಿದ ತಿಜೋರಿಯಲ್ಲವೇ? ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹಿಂದಿ ಅನುವಾದದೊಡನೆ ಮೊದಲ ಸಂಪುಟ ಅಮರಾವತಿಯಲ್ಲಿ ಅಚ್ಚಾಯಿತು. ಕನ್ನಡಿಗರು ಕಾಪಾಡಿದ್ದನ್ನು ಹಿಂದಿ ಬಲ್ಲವರೂ ಓದುವಂತಾಯಿತು.

ಈ ಭಾಗದ ಜೈನ ಮನೆಗಳಲ್ಲಿ ಮಾರವಾಡಿ, ಗುಜರಾತಿ, ಕನ್ನಡ, ತಮಿಳು ಎಲ್ಲವೂ ಕೇಳಿಬರುತ್ತವೆ. ಮಕ್ಕಳ ಶಾಲೆ ಇಂಗ್ಲಿಷಿನದು. ಣಮೋಕಾರ ಮಂತ್ರ ಬಾಯಿಗೆ ಬರುತ್ತದೆ. ಅರ್ಥ ಕೇಳಿದರೆ ಮಗು ತಾಯಿಯ ಮುಖ ನೋಡುತ್ತದೆ. (ತಾಯಿ ಅತ್ತೆಯ ಮುಖ ನೋಡುವುದೂ ಉಂಟು.) ಅರ್ಥವನ್ನು ಆಯಾ ಮನೆಯ ಮಾತಿನಲ್ಲೇ ಹೇಳಿಕೊಡಲು ಯಾವ ಆಗಮದ ಅಡ್ಡಿಯೂ ಇಲ್ಲ. ಅಭಿಷೇಕಕ್ಕೆ, ಆರತಿಗೆ ಉತ್ಸಾಹದಿಂದ ಬೋಲಿ ಏರುತ್ತದೆ. ಅದೇ ಸಭೆಯಲ್ಲಿ ಭಾನುವಾರದ ಪಾಠಶಾಲೆಯ ಒಂದು ವರ್ಷದ ಖರ್ಚಿಗೂ ಬೋಲಿ ಕೂಗಲಿ. ಮೊದಲ ಧ್ವನಿ ಯಾವ ಭಾಷೆಯಲ್ಲಿ ಬಂದರೂ ಆಗಬಹುದು.