ಹಾಡಿನ ಪಕ್ಕದಲ್ಲೊಬ್ಬ ಅರ್ಥಧಾರಿ

ಕಾವ್ಯದಿಂದ ಏನು ಪ್ರಯೋಜನ ಎಂದು ಕೇಳುವವರು ಇಂದು ಬೇಕಾದಷ್ಟು ಜನ ಸಿಗುತ್ತಾರೆ. ಕಾವ್ಯದಿಂದ ಕೇಡಾಗುತ್ತದೆ ಎಂದು ಹೆದರುವವರು ಮಾತ್ರ ಅಪರೂಪವಾಗಿದ್ದಾರೆ. ಈ ಇಬ್ಬರಲ್ಲಿ ಕಾವ್ಯದ ಬೆಲೆ ಹೆಚ್ಚು ಗೊತ್ತಿದ್ದದ್ದು ಹೆದರಿದವರಿಗೇ. ಶಕ್ತಿಯಿಲ್ಲದ್ದಕ್ಕೆ ಯಾರೂ ಹೆದರುವುದಿಲ್ಲವಲ್ಲ! ಹಾಗೆ ಹೆದರಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಗ್ರೀಸಿನ ಪ್ಲೇಟೋ.

‘ರಿಪಬ್ಲಿಕ್’ ಗ್ರಂಥದಲ್ಲಿ ಪ್ಲೇಟೋ ಒಂದು ಆದರ್ಶ ನಗರವನ್ನು ಮಾತಿನಲ್ಲೇ ಕಟ್ಟುತ್ತಾ ಹೋಗುತ್ತಾನೆ. ಯಾರ ದನಿಯಲ್ಲಾದರೂ ಮಾತಾಡಬಲ್ಲ, ಯಾವ ವೇಷವನ್ನಾದರೂ ತೊಡಬಲ್ಲ ಕವಿಯೊಬ್ಬ ಈ ನಗರಕ್ಕೆ ಬಂದರೆ ಏನು ಮಾಡಬೇಕು? ಅವನಿಗೆ ತಲೆಬಾಗಬೇಕು, ತಲೆಗೆ ಸುಗಂಧ ತೈಲ ಹಚ್ಚಬೇಕು, ಉಣ್ಣೆಯ ಪಟ್ಟಿ ಕಟ್ಟಿ ಗೌರವಿಸಬೇಕು. ಆಮೇಲೆ ಬೇರೆ ಊರಿಗೆ ಕಳಿಸಿಬಿಡಬೇಕು! ದೇವತೆಗಳ ಸ್ತುತಿ ಮತ್ತು ಸಜ್ಜನರ ಪ್ರಶಂಸೆ, ಇಷ್ಟಕ್ಕೆ ಮಾತ್ರ ಆ ನಗರದಲ್ಲಿ ಜಾಗ. ಹೀಗೆ ಹೇಳುವಾಗಲೂ ಹೋಮರನ ಮೇಲೆ ಚಿಕ್ಕಂದಿನಿಂದ ತನಗಿರುವ ಪ್ರೀತಿ, ಗೌರವಗಳನ್ನು, ಪ್ಲೇಟೋ ಈ ಗ್ರಂಥದಲ್ಲಿ ಮಾತಾಡಿಸುವ ಅವನ ಗುರು ಸಾಕ್ರಟೀಸ್ ಮುಚ್ಚಿಡುವುದಿಲ್ಲ. ಕಾವ್ಯವನ್ನು ಪ್ರೀತಿಸುವವರು ಅದರಿಂದ ಸಂತೋಷವಷ್ಟೇ ಅಲ್ಲದೆ ಹಿತವೂ ಉಂಟೆಂದು ತೋರಿಸಿಕೊಟ್ಟರೆ ಮತ್ತೆ ಒಳಗೆ ಕರೆದುಕೊಳ್ಳೋಣ ಎಂದು ಬಾಗಿಲನ್ನು ಸ್ವಲ್ಪ ತೆರೆದೇ ಇಡುತ್ತಾನೆ.

ಈ ಮಾತನ್ನು ರಸಿಕತೆಯಿಲ್ಲದವನ ಮಾತೆಂದು ತಳ್ಳಿಹಾಕಿದರೆ ನಮಗೇ ನಷ್ಟ. ಅಂದಿನ ಗ್ರೀಕರಿಗೆ ಹೋಮರನ ಕಾವ್ಯವೇ ಪಠ್ಯಪುಸ್ತಕ, ಅದೇ ಪುರಾಣ, ಅದೇ ನೀತಿಶಾಸ್ತ್ರ. ಉತ್ಸವಗಳಲ್ಲಿ ಸಾವಿರಾರು ಜನ ಕೂತು ಅದನ್ನು ಕೇಳುತ್ತಿದ್ದರು, ನಾಟಕ ನೋಡುತ್ತಿದ್ದರು, ಒಟ್ಟಿಗೆ ಅಳುತ್ತಿದ್ದರು. ಜನ ಒಟ್ಟಾಗಿ ಒಂದೇ ಭಾವದಲ್ಲಿ ತೇಲಿಹೋದರೆ ಏನಾಗಬಹುದು ಎಂಬುದನ್ನು ಪ್ಲೇಟೋ ಕಣ್ಣಾರೆ ಕಂಡಿದ್ದ. ಕ್ರಿ.ಪೂ. 423ರಲ್ಲಿ ಅರಿಸ್ಟೋಫನೀಸ್ ‘ಮೋಡಗಳು’ ನಾಟಕದಲ್ಲಿ ಸಾಕ್ರಟೀಸನನ್ನು ನಗೆಪಾಟಲು ಮಾಡಿದ್ದ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಆ ವಿಚಾರಣೆಯಲ್ಲಿ ಸಾಕ್ರಟೀಸ್ ಅದೇ ನಾಟಕವನ್ನು ನೆನಪಿಸಿ, ತನ್ನ ಮೇಲಿನ ಹಳೆಯ ಅಪವಾದ ಹುಟ್ಟಿದ್ದು ಎಲ್ಲಿಂದ ಎಂದು ತೋರಿಸಿದ. ಆರೋಪ ಹೊರಿಸಿದ ಮೂವರಲ್ಲಿ ಮೆಲೆಟಸ್ ಎಂಬವನು ಕವಿಗಳ ಪರವಾಗಿ ನಿಂತವನು. ಗುರುವನ್ನು ಕಳೆದುಕೊಂಡವನ ನೋವು ಕಾವ್ಯದ ಮೇಲೆ ಪ್ಲೇಟೋ ಹೊರಿಸಿದ ದೂರಿನ ಹಿಂದೆ ಇದ್ದಿರಲೇಬೇಕು.

ಪ್ಲೇಟೋ ಹೊರಿಸಿದ ಆರೋಪಗಳಲ್ಲಿ ನಕಲಿನ ನಕಲು ಎಂಬುದನ್ನು ಎಲ್ಲರೂ ಎತ್ತಿ ಆಡುತ್ತಾರೆ. ಬಡಗಿ ಮಾಡಿದ ಮಂಚವೇ ನಿಜದ ನೆರಳು, ಕಲಾವಿದ ತೋರಿಸುವುದು ಆ ನೆರಳಿನ ನೆರಳು ಎಂಬ ವಾದ ಅದು. ನನಗೆ ಹೆಚ್ಚು ಮುಖ್ಯವೆನಿಸುವುದು ‘ಪ್ರೊಟಾಗೊರಸ್’ ಎಂಬ ಸಂವಾದದಲ್ಲಿ ಅವನು ಸಾಕ್ರಟೀಸನಿಂದ ಆಡಿಸುವ ಇನ್ನೊಂದು ಮಾತು. ಕವಿಗಳನ್ನು ಅವರು ಹೇಳಿದ್ದರ ಬಗ್ಗೆ ಮರುಪ್ರಶ್ನೆ ಕೇಳಲು ಆಗುವುದಿಲ್ಲ ಎಂಬುದು ಅದರ ಸಾರ. ಪದ್ಯ ಬರುತ್ತದೆ, ಮನಸ್ಸಿನೊಳಗೆ ಇಳಿಯುತ್ತದೆ, ಲಯದ ಬಲದಿಂದ ಅಲ್ಲೇ ಉಳಿಯುತ್ತದೆ. ನಾವು ಏನು ಕೇಳಿದರೂ ಅದು ಮತ್ತೆ ಅದನ್ನೇ ಹೇಳುತ್ತದೆ. ಪ್ರಶ್ನೆಗೆ ಸಿಗದ ಮಾತು ಒಳ್ಳೆಯದಾಗಿದ್ದರೆ ನಮ್ಮ ಪುಣ್ಯ, ಕೆಟ್ಟದ್ದಾಗಿದ್ದರೆ?

ಕೆಟ್ಟದ್ದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲವೇ ಸಾಕ್ಷಿ ಕೊಟ್ಟಿದೆ. 1389ರಲ್ಲಿ ಕೊಸೊವೊ ಬಯಲಿನಲ್ಲಿ ಸರ್ಬಿಯನ್ನರಿಗೂ ಆಟೊಮನ್ ತುರ್ಕರಿಗೂ ಯುದ್ಧವಾಯಿತು. ಆ ಯುದ್ಧದ ವೀರಗೀತೆಗಳನ್ನು ಜನ ಗುಸ್ಲೆ ಎಂಬ ತಂತಿವಾದ್ಯ ನುಡಿಸುತ್ತಾ ಶತಮಾನಗಟ್ಟಲೆ ಹಾಡಿಕೊಂಡು ಬಂದರು. 19ನೇ ಶತಮಾನದಲ್ಲಿ ವುಕ್ ಕರಾಜಿಚ್ ಅಂಥ ಗೀತೆಗಳನ್ನು ಸಂಗ್ರಹಿಸಿದಾಗ ಜರ್ಮನಿಯ ಗಯಟೆಯಂಥ ಮಹಾಕವಿಯೂ ಮೆಚ್ಚಿಕೊಂಡ. ನಿಜಕ್ಕೂ ದೊಡ್ಡ ಕಾವ್ಯವೇ ಅದು. 1990ರ ದಶಕದಲ್ಲಿ ಯುಗೊಸ್ಲಾವಿಯ ಒಡೆದಾಗ ಅದೇ ಹಾಡುಗಳು ಬೇರೆ ಕೆಲಸಕ್ಕೆ ಬಳಕೆಯಾದವು. ಅಕ್ಕಪಕ್ಕದ ಮನೆಯಲ್ಲಿ ಬದುಕಿಕೊಂಡಿದ್ದ ಬೋಸ್ನಿಯಾದ ಮುಸ್ಲಿಮರು ಹಾಡಿನೊಳಗಿನ ‘ತುರ್ಕ’ರಾಗಿಬಿಟ್ಟರು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾ ಪಟ್ಟಣವನ್ನು ಹಿಡಿದ ಸರ್ಬ್ ಪಡೆಯ ಸೇನಾಧಿಕಾರಿ ರಾಟ್ಕೊ ಮ್ಲಾಡಿಚ್, ಕ್ಯಾಮೆರಾದ ಎದುರೇ ತುರ್ಕರ ಮೇಲೆ ಸೇಡು ತೀರಿಸುವ ಹೊತ್ತು ಬಂದಿದೆ ಎಂದ. ಮುಂದಿನ ದಿನಗಳಲ್ಲಿ ಸುಮಾರು 8000 ಗಂಡಸರು ಮತ್ತು ಹುಡುಗರ ಕೊಲೆಯಾಯಿತು.

ಆ ಪಡೆಯ ರಾಜಕೀಯ ನಾಯಕ ರಾಡೊವಾನ್ ಕರಾಜಿಚ್ ಕವಿ, ಮನೋವೈದ್ಯ, ಪದ್ಯಸಂಕಲನಗಳನ್ನು ಪ್ರಕಟಿಸಿದವನು. 1992ರ ಸಾಕ್ಷ್ಯಚಿತ್ರವೊಂದರಲ್ಲಿ ಅವನು ಸರಾಯೆವೊ ನಗರದ ಮೇಲಿನ ಗುಡ್ಡದಲ್ಲಿ ನಿಂತು, ಆ ನಗರದ ಬಗ್ಗೆ ತಾನು ಹಿಂದೆ ಬರೆದ ಪದ್ಯದ ಕುರಿತು ಮಾತಾಡುತ್ತಾನೆ. ಕೆಳಗೆ ಅವನ ಸೇನೆ ಮುತ್ತಿಗೆ ಹಾಕಿದ ನಗರ. ಆ ವರ್ಷದ ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಹೊತ್ತಿ ಉರಿಯಿತು, ಲಕ್ಷಾಂತರ ಪುಸ್ತಕಗಳು ಬೂದಿಯಾದವು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2016ರಲ್ಲಿ ಅವನನ್ನು ನರಮೇಧದ ಅಪರಾಧಿ ಎಂದು ತೀರ್ಪಿತ್ತಿತು. 2019ರಲ್ಲಿ ಶಿಕ್ಷೆ ಜೀವಾವಧಿಗೆ ಏರಿತು. ಕಾವ್ಯ ಬರೆಯುವವನ ಹೃದಯ ತಾನಾಗಿ ಮೃದುವಾಗುತ್ತದೆ ಎಂಬ ನಮ್ಮ ಮುದ್ದಿನ ನಂಬಿಕೆಯನ್ನು ಈ ಒಂದು ಹೆಸರಿನ ಎದುರು ಕೈಬಿಡಲೇಬೇಕು.

ಹಾಗಾದರೆ ಪ್ಲೇಟೋ ಹೇಳಿದ್ದೇ ಸರಿಯೆ? ಅದೇ ಸರಾಯೆವೊದಲ್ಲಿ ಇಜೆತ್ ಸರಾಯ್ಲಿಚ್ ಎಂಬ ಹಿರಿಯ ಕವಿಯಿದ್ದರು. ಮುತ್ತಿಗೆ ಸುಮಾರು ನಾಲ್ಕು ವರ್ಷ ನಡೆದರೂ ಅವರು ಊರು ಬಿಡಲಿಲ್ಲ. ಗುಂಡಿನ ಸದ್ದಿನ ನಡುವೆಯೇ ಬರೆದ ಪದ್ಯಗಳ ಸಂಕಲನ 1992ರಲ್ಲೇ ಹೊರಬಂತು. ಊರಿನ ಎಲ್ಲ ಕವಿಗಳನ್ನೂ ಹೊರಗಟ್ಟಿದ್ದರೆ ರಾಡೊವಾನ್ ಕರಾಜಿಚ್ ಜೊತೆಗೆ ಸರಾಯ್ಲಿಚ್ ಕೂಡ ಹೋಗಬೇಕಾಗುತ್ತಿತ್ತು. ಬಂದೂಕು ಬೇರೆಯವರ ಕೈಯಲ್ಲಿದ್ದಾಗ ಸತ್ತವರನ್ನು ಹೆಸರು ಹಿಡಿದು ನೆನೆಯಲು ಆ ಊರಿಗೆ ಪದ್ಯ ಬೇಕಿತ್ತು.

ನಿಷೇಧದ ಇನ್ನೊಂದು ತೊಡಕು ನಮ್ಮ ನಾಡಿನಲ್ಲೇ ಕಂಡದ್ದು. ಯಾವ ಪದ್ಯ ಹಿತ, ಯಾವುದು ಅಹಿತ ಎಂದು ತೀರ್ಮಾನಿಸುವ ಅಧಿಕಾರ ಕೊನೆಗೆ ಆಳುವವರ ಕೈಗೇ ಹೋಗುತ್ತದೆ. 1930ರ ದಶಕದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ದ.ರಾ. ಬೇಂದ್ರೆಯವರ ‘ನರಬಲಿ’ ಕವಿತೆ ಅಹಿತವಾಗಿ ಕಂಡಿತು. ಕವಿ ಹಿಂಡಲಗಾ ಜೈಲಿಗೆ ಹೋಗಬೇಕಾಯಿತು. ಇಂದು ಆ ಸರ್ಕಾರವಿಲ್ಲ, ಕವಿತೆ ಇದೆ. ಪ್ಲೇಟೋ ರೋಗವನ್ನು ಸರಿಯಾಗಿಯೇ ಗುರುತಿಸಿದ, ಆದರೆ ಅವನು ಕೊಟ್ಟ ಮದ್ದನ್ನು ನಂಬಲಾರೆವು.

ಇನ್ನು ಮದ್ದು ಎಲ್ಲಿದೆ? ಪದ್ಯವನ್ನು ಮರುಪ್ರಶ್ನೆ ಕೇಳಲು ಆಗುವುದಿಲ್ಲ ಎಂದನಲ್ಲ, ಅಲ್ಲೇ ಇದೆ. ಕೇಳಲು ಆಗುವಂತೆ ಮಾಡಬೇಕು. ಕವಿ ಎದುರಿಗಿಲ್ಲದಿದ್ದರೂ ಆ ಪ್ರಶ್ನೆ ಕೇಳುವ ಪದ್ಧತಿಯನ್ನು ಒಂದು ಸಮಾಜ ಬೆಳೆಸಿಕೊಳ್ಳಬಹುದು. ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆ ಅಂಥದೊಂದು ಪದ್ಧತಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಅದನ್ನು ಹಿಡಿದು ಪಾತ್ರವಾಗಿ ಮಾತಾಡುತ್ತಾನೆ, ಎದುರು ಕೂತ ಅರ್ಥಧಾರಿ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ವಾಲಿವಧೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ರಾಮನನ್ನು ಪೂಜಿಸುವ ಭಕ್ತರೇ ಸಭೆಯಲ್ಲಿ ಕೂತು ರಾಮನಿಗೆ ಎದುರಾಡುವ ವಾದಕ್ಕೆ ತಲೆದೂಗುತ್ತಾರೆ. ಇದರಿಂದ ಅವರ ಭಕ್ತಿಗೆ ಕುಂದು ಬಂದಿಲ್ಲ, ಕಾವ್ಯಕ್ಕೂ ಬಂದಿಲ್ಲ. ಕುಮಾರವ್ಯಾಸನನ್ನು ಓದುವ ಗಮಕದಲ್ಲೂ ಹೀಗೇ, ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ರಾಗ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ, ವ್ಯಾಖ್ಯಾನ ನಿಲ್ಲಿಸಿ ಯೋಚಿಸಲು ಬಿಡುತ್ತದೆ. ಎರಡೂ ಒಂದೇ ಜಗಲಿಯಲ್ಲಿ ಇರಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಈ ಗುಣವನ್ನು ನಾವು ಎಲ್ಲ ಕಡೆ ಉಳಿಸಿಕೊಂಡಿಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ದಲಿತ ಸಚಿವ ಬಿ. ಬಸವಲಿಂಗಪ್ಪ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದರು. ನಮ್ಮವರ ನೋವಿಗೆ ಈ ಸಾಹಿತ್ಯದಲ್ಲಿ ಎಷ್ಟು ಜಾಗವಿದೆ ಎಂಬ ಸಂಕಟ ಆ ಕಟುಮಾತಿನ ಒಳಗಿತ್ತು. ಅದಕ್ಕೆ ಉತ್ತರ ಕೊಡಬಹುದಿತ್ತು. 12ನೇ ಶತಮಾನದ ವಚನಗಳನ್ನು ಮುಂದಿಡಬಹುದಿತ್ತು, ಕುವೆಂಪು ಅವರ ‘ಶೂದ್ರ ತಪಸ್ವಿ’ಯನ್ನು ತೋರಿಸಬಹುದಿತ್ತು, ಅಷ್ಟಾದರೂ ಎಲ್ಲಿ ಕೊರತೆಯಿದೆ ಎಂದು ಒಪ್ಪಿಕೊಳ್ಳಬಹುದಿತ್ತು. ಆದದ್ದು ಗಲಭೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಸಾಹಿತ್ಯದ ಮಾನ ಉಳಿಸಲು ಹೊರಟವರು ಕಲ್ಲು ಎತ್ತಿಕೊಂಡಾಗ ಆ ಸಾಹಿತ್ಯ ಅವರಿಗೆ ಏನು ಕಲಿಸಿತ್ತು ಎಂಬ ಪ್ರಶ್ನೆ ಇನ್ನೂ ದೊಡ್ಡದಾಯಿತು.

ಆ ಪ್ರಶ್ನೆಗೆ ನಿಜವಾದ ಉತ್ತರ ಬಂದದ್ದು ಏಟು ತಿಂದವರ ಕಡೆಯಿಂದ. ಬೆಂಗಳೂರಿನಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಆ ಹಾಡುಗಳು ದಲಿತ ಚಳವಳಿಯ ಸಭೆ, ಮೆರವಣಿಗೆಗಳಲ್ಲಿ ಊರೂರು ಸುತ್ತಿದವು. ಅಕ್ಷರ ಬಾರದವರೂ ಅವನ್ನು ಹಾಡಿದರು. ಕಾವ್ಯವನ್ನು ಪ್ರಶ್ನಿಸಿದ ಒಂದು ಮಾತಿನ ಬೆನ್ನಿಗೆ ಹೊಸ ಕಾವ್ಯವೇ ಎದ್ದು ನಿಂತಿತು. ಬಸವಲಿಂಗಪ್ಪನವರ ಪ್ರಶ್ನೆಯಿಂದ ಕನ್ನಡ ಕಾವ್ಯ ಬಡವಾಯಿತೆ? ಅದರ ಅಂಗಳ ಅಗಲವಾಯಿತು. ಹಾಡಿಗೆ ಎದುರಾದ ಪ್ರಶ್ನೆಯನ್ನು ಹೊಡೆದು ಬಾಯಿ ಮುಚ್ಚಿಸಬೇಕಾಗಿಲ್ಲ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಕಾವ್ಯ ಸಮಾಜಕ್ಕೆ ಕೇಡೋ ಹಿತವೋ ಎಂಬ ವಾದಕ್ಕೆ ಪದ್ಯವನ್ನಷ್ಟೇ ನೋಡಿ ಉತ್ತರ ಹೇಳಲಾಗದು. ಅದನ್ನು ಕೇಳುವ ಜನರನ್ನು ನೋಡಬೇಕು. ಕೊಸೊವೊದ ವೀರಗೀತೆ ತಲೆಮಾರುಗಳ ಕಾಲ ಹಾಡಾಗಿ ಉಳಿದು ಬಂತು. ‘ತುರ್ಕ’ ಎಂದರೆ ಇಂದು ಯಾರು, ಪಕ್ಕದ ಮನೆಯವನು ಹೇಗೆ ಶತ್ರುವಾದ ಎಂದು ಸಭೆಯಲ್ಲಿ ಎದ್ದು ಕೇಳುವವರ ದನಿಗೆ ಯುದ್ಧದ ಹೊತ್ತಿನಲ್ಲಿ ಬೆಲೆ ಉಳಿಯಲಿಲ್ಲ. ಎದುರು ಮಾತಿಗೆ ಜಾಗವಿದ್ದಲ್ಲಿ ಕೆಟ್ಟ ಪದ್ಯದ ಹಲ್ಲು ಉದುರುತ್ತದೆ, ಒಳ್ಳೆಯ ಪದ್ಯ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಈಗ ನಮ್ಮ ಶಾಲೆಗಳನ್ನು ನೋಡಿ. ಕಂಠಪಾಠದ ಪದ್ಯ ಬರೆಸುತ್ತೇವೆ, ಸಾರಾಂಶ ಬರೆಸುತ್ತೇವೆ, ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ ಎನ್ನುತ್ತೇವೆ. ಸ್ವಾರಸ್ಯ ಇದೆಯೋ ಇಲ್ಲವೋ ಎಂದು ಕೇಳುವ ಸ್ವಾತಂತ್ರ್ಯ ಮಗುವಿಗೆ ಇಲ್ಲ, ಅದು ಇದೆ ಎಂದು ಪ್ರಶ್ನೆಪತ್ರಿಕೆಯೇ ತೀರ್ಮಾನಿಸಿರುತ್ತದೆ. ಹತ್ತು ವರ್ಷ ಹೀಗೆ ಕಲಿತ ಹುಡುಗ ಶಾಲೆಯಿಂದ ಹೊರಗೆ ಬಂದಾಗ ಅವನ ಮೊಬೈಲಿಗೆ ಪ್ರಾಸವಿರುವ ದ್ವೇಷದ ಹಾಡೊಂದು ಬಂದು ಬೀಳುತ್ತದೆ. ತಾಳ ಚೆನ್ನಾಗಿದೆ, ದನಿ ಜೋರಾಗಿದೆ. ಪದ್ಯವನ್ನು ಪ್ರಶ್ನಿಸಲು ನಾವು ಅವನಿಗೆ ಎಂದೂ ಕಲಿಸಲಿಲ್ಲ. ಅವನು ತಲೆಯಾಡಿಸಿ, ಮುಂದಿನ ಹತ್ತು ಜನರಿಗೆ ಅದನ್ನು ಕಳಿಸಿದರೆ ತಪ್ಪು ಅವನೊಬ್ಬನದಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ, ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಪದ್ಯ ಹೇಳಿಕೊಡಿ, ಬಾಯಿಪಾಠ ಮಾಡಿಸಿ, ರಾಗವಾಗಿ ಹಾಡಿಸಿ. ಬಾಯಿಪಾಠವಾದ ಪದ್ಯ ಕಷ್ಟಕಾಲದಲ್ಲಿ ಕೈಹಿಡಿಯುವ ಆಸ್ತಿ. ಅಲ್ಲಿಗೆ ಮಾತ್ರ ನಿಲ್ಲಿಸಬೇಡಿ. ರನ್ನನಿಗೆ ದುರ್ಯೋಧನನ ಮೇಲೆ ಯಾಕಿಷ್ಟು ಕನಿಕರ? ಭೀಮ ತೊಡೆಗೆ ಹೊಡೆದದ್ದು ಸರಿಯೆ? ಈ ಪದ್ಯದಲ್ಲಿ ಮಾತಾಡಲು ಅವಕಾಶ ಸಿಗದವರು ಯಾರು? ಅವರು ಮಾತಾಡಿದ್ದರೆ ಏನು ಹೇಳುತ್ತಿದ್ದರು? ಇಂಥ ಒಂದೊಂದು ಪ್ರಶ್ನೆಯನ್ನು ಪ್ರತಿ ಪದ್ಯದ ಜೊತೆಗೆ ಕೇಳಿ. ಮಗು ಕವಿಯನ್ನು ಒಪ್ಪದಿದ್ದರೆ ಗದರಬೇಡಿ, ಯಾಕೆ ಒಪ್ಪುವುದಿಲ್ಲ ಎಂದು ವಿವರಿಸಲು ಹೇಳಿ. ಕಾವ್ಯದಿಂದ ಹಿತವಿದೆ ಎಂದು ತೋರಿಸಿ ಎಂದು ಪ್ಲೇಟೋ ಸವಾಲು ಹಾಕಿ 2300 ವರ್ಷಗಳ ಮೇಲಾಯಿತು. ಪದ್ಯವನ್ನು ಪ್ರೀತಿಸುತ್ತಲೇ ಅದರೊಡನೆ ವಾದಿಸಬಲ್ಲ ಒಂದು ತಲೆಮಾರನ್ನು ಬೆಳೆಸಿದರೆ ಆ ಸವಾಲಿಗೆ ನಮ್ಮ ಕಡೆಯ ಉತ್ತರ ಸಿದ್ಧವಾದಂತೆ.